ಒಂದೇ ಗಂಟೆಯಲ್ಲಿ ಅಳಿದ ಪಟ್ಟಿ, ಮರುದಿನ ಮತ್ತೆ ಮೂಡಿದ್ದು

ಪುಣೆಯ ಪ್ರಯೋಗಾಲಯವೊಂದರಲ್ಲಿ ಕರುಳಿನ ಕ್ಯಾನ್ಸರ್ ಕುರಿತು ಕೆಲಸ ಆರಂಭಿಸಿದಾಗ, ಜೀವಕೋಶದ ಸಂಕೇತ ಮಾರ್ಗವನ್ನು ನಾನು ಕಾಲುವೆಯಂತೆ ಕಲ್ಪಿಸಿಕೊಂಡಿದ್ದೆ; ತೂಬು ಮುಚ್ಚಿದರೆ ಕೆಳಗಿನ ಗದ್ದೆ ಒಣಗಬೇಕು ಎಂಬುದು ನನ್ನ ಲೆಕ್ಕವಾಗಿತ್ತು. ಕೋಶದ ಹೊರಮೈಯಲ್ಲಿರುವ ಇಜಿಎಫ್‌ಆರ್ ಎಂಬ ಗ್ರಾಹಕವು ರಾಸ್ ಪ್ರೋಟೀನನ್ನು ಎಬ್ಬಿಸುತ್ತದೆ, ರಾಸ್ ರಾಫ್ ಅನ್ನು ಎಬ್ಬಿಸುತ್ತದೆ. ರಾಫ್ ಮೆಕ್‌ಗೆ, ಮೆಕ್ ಅರ್ಕ್‌ಗೆ ಫಾಸ್ಫೇಟ್ ಜೋಡಿಸಿದ ಮೇಲೆ ಅರ್ಕ್ ಕೋಶಕೇಂದ್ರವನ್ನು ಹೊಕ್ಕು ವಿಭಜನೆಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ನಾನು ಬೆಳೆಸುತ್ತಿದ್ದ ಎಚ್‌ಟಿ-29 ಎಂಬ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ, ರಾಫ್‌ನ ಒಂದು ಬಗೆಯಾದ ಬಿ-ರಾಫ್‌ನ 600ನೆಯ ಸ್ಥಾನದ ವ್ಯಾಲೀನ್ ಎಂಬ ಅಮೈನೋ ಆಮ್ಲ ಹೋಗಿ ಗ್ಲುಟಮೇಟ್ ಬಂದಿರುವುದರಿಂದ, ಮೇಲಿನಿಂದ ಯಾವ ಆದೇಶವೂ ಇಲ್ಲದೆ ಈ ಮಾರ್ಗ ಸದಾ ತೆರೆದೇ ಇರುತ್ತದೆ.

ಈ ರಾಫ್ ಅನ್ನು ತಡೆಯುವ ವೆಮುರಾಫೆನಿಬ್ ಔಷಧಿಯನ್ನು ಹಾಕಿ, ಫಾಸ್ಫೇಟ್ ಹೊತ್ತ ಅರ್ಕ್ ಎಷ್ಟು ಉಳಿದಿದೆ ಎಂಬುದನ್ನು, ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಪಟ್ಟಿಗಳಾಗಿ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡುವುದು ನನ್ನ ಕೆಲಸವಾಗಿತ್ತು. ಮೊದಲ ಕೆಲವು ವಾರ ಫಿಲ್ಮ್ ತುಂಬ ಕಪ್ಪು ಕಲೆಗಳೇ ಕಾಣುತ್ತಿದ್ದವು. ಧಾರವಾಡದ ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ನೋಡಿ, "ಹಾಲಿನ ಪುಡಿ ಬಿಟ್ಟು ಬಿಎಸ್‌ಎ ಹಾಕಿ ನೋಡ್ರಿ" ಎಂದರು. ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಂತೆ ಬ್ಲಾಟ್‌ನ ಖಾಲಿ ಜಾಗ ಮುಚ್ಚಲು ಇವನ್ನು ಹಾಕುತ್ತೇವೆ; ಬಿಎಸ್‌ಎ ಎಂದರೆ ಹಸುವಿನ ರಕ್ತದ ಒಂದು ಪ್ರೋಟೀನು. ಹಾಲಿನ ಕೇಸೀನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನು. ಪ್ರತಿಕಾಯ ಅದಕ್ಕೂ ಅಂಟುತ್ತಿದ್ದಿರಬೇಕು. ಬಿಎಸ್‌ಎ ಬಳಸಿದ ಮೇಲೆ, ಕೋಶಗಳನ್ನು ಒಡೆಯುವ ದ್ರವಕ್ಕೆ ಫಾಸ್ಫೇಟನ್ನು ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವಗಳ ತಡೆಗಳನ್ನು ಸೇರಿಸಿ ಎಲ್ಲವನ್ನೂ ಮಂಜುಗಡ್ಡೆಯ ಮೇಲೆ ಮಾಡಿದಾಗ, 42 ಮತ್ತು 44 ಕಿಲೋಡಾಲ್ಟನ್ ತೂಕದ ಅರ್ಕ್‌ನ ಎರಡು ಪಟ್ಟಿಗಳು ಸ್ವಚ್ಛವಾಗಿ ಮೂಡಿದವು.

ಔಷಧಿ ಹಾಕಿದ ಒಂದು ಗಂಟೆಯಲ್ಲಿ ಆ ಪಟ್ಟಿಗಳು ಬಹುತೇಕ ಅಳಿದುಹೋದವು. ಅಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆ. 24 ಗಂಟೆಗಳ ಮಾದರಿಯಲ್ಲಿ ಪಟ್ಟಿಗಳು ಮರಳಿದ್ದವು. ಔಷಧಿ ಕೆಟ್ಟಿದೆಯೆಂದು ಶಂಕಿಸಿ ಹೊಸದಾಗಿ ತಯಾರಿಸಿ ಎರಡು ಬಾರಿ ಮಾಡಿದರೂ ಅದೇ ಫಲಿತಾಂಶ ಬಂದಿತು. ಅರ್ಕ್ ಚುರುಕಾಗಿರುವಾಗ ಅದು ಮೇಲಿನ ಇಜಿಎಫ್‌ಆರ್ ಅನ್ನೂ ಹಿಡಿತದಲ್ಲಿಟ್ಟಿರುತ್ತದೆ. ಅರ್ಕ್ ಕುಗ್ಗಿದೊಡನೆ ಆ ಹಿಡಿತ ಸಡಿಲಿ, ಗ್ರಾಹಕ ಮತ್ತೆ ರಾಸ್ ಅನ್ನು ಎಬ್ಬಿಸಿ, ಈ ಔಷಧಿಗೆ ಬಗ್ಗದ ರಾಫ್ ಜೋಡಿಗಳ ಮೂಲಕ ಸಂಕೇತವನ್ನು ದಾಟಿಸುತ್ತದೆ. 2012ರಲ್ಲಿ ಪ್ರಕಟವಾದ ಸಂಶೋಧನೆಗಳು ಇದನ್ನೇ ತೋರಿಸಿದ್ದವು. ಆದರೆ ನನ್ನದೇ ಬ್ಲಾಟ್‌ನಲ್ಲಿ ಕಂಡಾಗಲೇ ಅದು ನನಗೆ ನಿಜವಾಗಿ ಅರ್ಥವಾಯಿತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನ ಕೋಶಗಳಲ್ಲಿ ಇಜಿಎಫ್‌ಆರ್ ಸಾಮಾನ್ಯವಾಗಿ ಕಡಿಮೆ, ಹಾಗಾಗಿಯೇ ಅಮೆರಿಕದಲ್ಲಿ 2011ರಲ್ಲಿ ಅನುಮತಿ ಪಡೆದ ಈ ಔಷಧಿ ಮೆಲನೋಮಾದಲ್ಲಿ ಚೆನ್ನಾಗಿ ಕೆಲಸ ಮಾಡಿತು, ಕರುಳಿನಲ್ಲಿ ಸೋತಿತು.

ಇದೇ ಅರ್ಕ್ ಸಂಕೇತವು ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಇ-ಕ್ಯಾಡ್ಹೆರಿನ್ ಅನ್ನು ಕುಗ್ಗಿಸಿ ಹರಡುವಿಕೆಗೂ ದಾರಿ ಮಾಡಬಲ್ಲದು. ಅದನ್ನು ಅಳೆಯಲು ಎಚ್‌ಟಿ-29 ತಕ್ಕುದಲ್ಲ, ಅವು ಗುಂಪುಗಟ್ಟಿಯೇ ಬೆಳೆಯುತ್ತವೆ. ಆದ್ದರಿಂದ ಆ ಭಾಗವನ್ನು ನಾನು ಕೈಬಿಟ್ಟೆ.

ವೆಮುರಾಫೆನಿಬ್ ಜೊತೆಗೆ ಇಜಿಎಫ್‌ಆರ್ ತಡೆಯುವ ಸೆಟುಕ್ಸಿಮ್ಯಾಬ್ ಸೇರಿಸಿದಾಗ 48 ಗಂಟೆಗಳಲ್ಲೂ ಪಟ್ಟಿಗಳು ಮಸುಕಾಗಿಯೇ ಉಳಿದವು. ಬಿ-ರಾಫ್ ಮತ್ತು ಇಜಿಎಫ್‌ಆರ್ ಎರಡನ್ನೂ ಒಟ್ಟಿಗೆ ತಡೆಯುವ ಚಿಕಿತ್ಸೆಗೆ, ಎನ್‌ಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್ ರೂಪದಲ್ಲಿ, 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈಗ ಹೊಸ ಔಷಧಿ ಯಾವುದೇ ಇರಲಿ, ಒಂದನೆಯ ಗಂಟೆಯ ಮಾದರಿಯನ್ನೂ 48ನೆಯ ಗಂಟೆಯ ಮಾದರಿಯನ್ನೂ ಒಂದೇ ಜೆಲ್‌ನಲ್ಲಿ ಅಕ್ಕಪಕ್ಕ ಹಾಕಿಯೇ ನೋಡುತ್ತೇನೆ.