ಗೋವಿನಜೋಳಕ್ಕೆ ನೀರು: ಎಲೆ ನೋಡುವ ಹೊತ್ತು ಬೆಳಗ್ಗೆ
ಗೋವಿನಜೋಳಕ್ಕೆ ನೀರು ಬೇಕೋ ಬೇಡವೋ ಅಂತ ಮಧ್ಯಾಹ್ನ ಎಲೆ ನೋಡಿ ತೀರ್ಮಾನ ಮಾಡಬೇಡಿ, ಹೊತ್ತು ಹುಟ್ಟುವ ಮುಂಚೆ ನೋಡಿ. ನಮ್ಮ ವಿಜಯಪುರದ ಬಿಸಿಲಿಗೆ ಮಣ್ಣಲ್ಲಿ ಹಸಿ ಇದ್ದರೂ ಎಲೆ ಸುರುಳಿ ಸುತ್ತುತ್ತದೆ, ಬೇರು ಎಳೆದುಕೊಳ್ಳುವುದಕ್ಕಿಂತ ಜಾಸ್ತಿ ನೀರು ಎಲೆಯಿಂದ ಆರಿಹೋಗುತ್ತಿರುತ್ತದೆ, ಅದನ್ನು ತಡೆಯೋಕೆ ಗಿಡ ಮಾಡುವ ಉಪಾಯ ಅದು. ರಾತ್ರಿ ಆ ಕೊರತೆ ತುಂಬಿಕೊಳ್ಳುತ್ತದೆ. ಬೆಳಗ್ಗೆಯೂ ಎಲೆ ಬಿಚ್ಚಿಲ್ಲ ಅಂದರೆ ನಿಜವಾಗಿ ನೀರು ಸಾಲದು, ತಡ ಮಾಡಬೇಡಿ. ಸೂಲಂಗಿ (ಗಿಡದ ತುದಿಯ ಗಂಡು ಹೂ), ರೇಷ್ಮೆ (ತೆನೆಯ ತುದಿಯ ಕೂದಲಿನಂಥ ಎಳೆ) ಬರುವಾಗ ಮಾತ್ರ ಈ ಲೆಕ್ಕ ಬೇಡವೇ ಬೇಡ, ಆಗ ಎಲೆ ಸುತ್ತುವವರೆಗೆ ಕಾದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ. ಸವಳು (ಉಪ್ಪು ಜಾಸ್ತಿ ಇರುವ) ಜಮೀನಿನಲ್ಲಿ, ನೀರು ನಿಂತ ಹೊಲದಲ್ಲಿ ಕೂಡ ಇದು ನಡೆಯಲ್ಲ, ಅಲ್ಲಿ ಹಸಿ ಇದ್ದರೂ ಗಿಡ ಬಾಡುತ್ತದೆ. ಅಂಥ ಕಡೆ ಒಂದು ಗೇಣು ಅಗೆದು ಮಣ್ಣು ಮುಟ್ಟಿ ನೋಡಿಯೇ ಮೋಟಾರು ಹಚ್ಚಿ.