ಪಲ್ಟನ್ ಬಿಟ್ಟು ಬ್ಯಾಂಕ್ ಸೇರಿದ್ದು

ಸೇನೆ ಬಿಟ್ಟಾಗ ನನಗಿನ್ನೂ ನಲವತ್ತು ತುಂಬಿರಲಿಲ್ಲ. ಮಕ್ಕಳಿಬ್ಬರೂ ಸ್ಕೂಲಿನಲ್ಲಿದ್ದರು. ಪಿಂಚಣಿಯಲ್ಲಿ ಮನೆ ನಡೆಯುತ್ತಿತ್ತು ನಿಜ, ಆದರೆ ಮುಂದಿನ ಇಪ್ಪತ್ತು ವರ್ಷ? ಸುಮ್ನೆ ಕೂರೋ ವಯಸ್ಸಂತೂ ಅಲ್ಲ.

ಊರಿಗೆ ಬಂದ ಕೂಡಲೇ ಸೆಕ್ಯೂರಿಟಿ ಕೆಲಸಕ್ಕೆ ಕರೆ ಬಂತು. ನಮ್ಮಂಥವರಿಗೆ ಮೊದಲು ಸಿಗೋದೇ ಅದು. ಮರ್ಯಾದೆಯ ಕೆಲಸವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹನ್ನೆರಡು ಗಂಟೆ ಶಿಫ್ಟ್ ಮುಗಿಸಿ ಬಂದವನು ಪುಸ್ತಕ ಹಿಡಿಯೋದು ಕಷ್ಟ. ಏಜೆನ್ಸಿಯ ಕಾಂಟ್ರಾಕ್ಟ್ ಮುಗಿದರೆ ಕೆಲಸವೂ ಹೋಯ್ತು. ಪಿಂಚಣಿ ಇದೆಯಲ್ಲ, ಅದರ ಬಲದ ಮೇಲೆ ಒಂದಷ್ಟು ಕಾಲ ಓದೋಣ ಅಂತ ಮನೆಯಲ್ಲಿ ಕೂತು ಮಾತಾಡಿಕೊಂಡೆವು.

ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 14.5% ಮೀಸಲಾತಿ ಇದೆ. ಅದರಲ್ಲಿ 4.5% ಅಂಗವಿಕಲರಾದ ಮಾಜಿ ಸೈನಿಕರಿಗೆ ಮತ್ತು ಹುತಾತ್ಮರ ಕುಟುಂಬದವರಿಗೆ. ನಮಗೆ ವಯಸ್ಸಿನ ಮಿತಿ 28ಕ್ಕೇ ನಿಲ್ಲೋದಿಲ್ಲ. ಸರ್ವಿಸ್ ಮಾಡಿದಷ್ಟು ವರ್ಷ, ಮೇಲೆ ಇನ್ನೂ 3 ವರ್ಷ ಸಡಿಲಿಕೆ ಸಿಗುತ್ತದೆ, 50 ದಾಟಬಾರದು ಅಷ್ಟೇ. ಡಿಗ್ರಿ ಇಲ್ಲ ಅಂತ ಎಷ್ಟೋ ಜನ ಅರ್ಜಿಯನ್ನೇ ಹಾಕೋದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ, 15 ವರ್ಷ ಸರ್ವಿಸ್ ಮುಗಿಸಿ, ಆರ್ಮಿ ಸ್ಪೆಷಲ್ ಸರ್ಟಿಫಿಕೇಟ್ (ಸೇನೆ ಕೊಡೋ ಶಿಕ್ಷಣದ ಪ್ರಮಾಣಪತ್ರ) ಇದ್ದರೆ ಅರ್ಜಿ ಹಾಕಬಹುದು. ನಾನು ಹಾಕಿದ್ದು ಹಾಗೆಯೇ.

ಪರೀಕ್ಷೆಯಲ್ಲಿ ಕಾಡೋದು ಟೈಮು. ಪ್ರಿಲಿಮ್ಸ್‌ನಲ್ಲಿ, ಅಂದರೆ ಮೊದಲ ಹಂತದ ಪರೀಕ್ಷೆಯಲ್ಲಿ, 60 ನಿಮಿಷಕ್ಕೆ 100 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ನಾನು ಮಗಳ ಲೆಕ್ಕದ ಪುಸ್ತಕದಿಂದಲೇ ಶುರುಮಾಡಿದೆ. ಮಗ್ಗಿ, ವರ್ಗ, ಶೇಕಡಾವಾರು. ಬೆಳಿಗ್ಗೆ ಐದಕ್ಕೆ ಏಳೋ ಅಭ್ಯಾಸ ಹೇಗೂ ಇತ್ತು. ಪಿ.ಟಿ. ಮಾಡುತ್ತಿದ್ದ ಹೊತ್ತಲ್ಲಿ ಲೆಕ್ಕ ಮಾಡಿದೆ. ಇಂಗ್ಲಿಷ್‌ಗೆ ದಿನಾ ಪೇಪರ್ ಓದಿದೆ, ಜೋರಾಗಿ.

ಕೆಲಸ ಸಿಕ್ಕ ಮೇಲಿನ ಮೊದಲ ವರ್ಷ ಇದಕ್ಕಿಂತ ಕಷ್ಟ. ಮ್ಯಾನೇಜರ್ ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರು. ಸಿಸ್ಟಮ್ ಗೊತ್ತಿಲ್ಲದಾಗ ಪಕ್ಕದ ಸೀಟಿನ ಹುಡುಗಿಯನ್ನು ಕೇಳಿ ಕಲಿತೆ. ಪಲ್ಟನ್‌ನಲ್ಲಿ ಹೊಸ ಹತಾರು ಬಂದರೆ ಯಾರಿಗೆ ಗೊತ್ತೋ ಅವರೇ ಉಸ್ತಾದ್, ಅಲ್ವಾ? ಇಲ್ಲೂ ಹಾಗೇ. ಮೊದಲ ವರ್ಷದಲ್ಲೇ ಬೇಸತ್ತು ಬಿಟ್ಟುಹೋಗುವವರಿಗೆ ನಾನು ಹೇಳೋದು ಇದನ್ನೇ: ರ‍್ಯಾಂಕನ್ನು ಕೌಂಟರಿಗೆ ತರಬೇಡಿ, ಶಿಸ್ತನ್ನು ತನ್ನಿ.

ಒಮ್ಮೆ ಒಬ್ಬ ಅಜ್ಜಿ ಫ್ಯಾಮಿಲಿ ಪೆನ್ಶನ್ ಬರುತ್ತಿಲ್ಲ ಅಂತ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಗಂಡನ ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಡೋ ದಾಖಲೆ ಪುಸ್ತಕ), ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ). ಅಜ್ಜಿಗೆ ಬುಕ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಏನಾಗಿದೆ ಅಂತ ನನಗೆ ನೋಡಿದ ತಕ್ಷಣ ಗೊತ್ತಾಯ್ತು. ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಅರ್ಜಿ ಬರೆದುಕೊಟ್ಟು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕಳಿಸಿದೆ. ನನ್ನ ಸರ್ವಿಸ್ ಇಲ್ಲಿಯೂ ಕೆಲಸಕ್ಕೆ ಬರುತ್ತದೆ ಅಂತ ಅವತ್ತು ತುಂಬಾ ಖುಷಿಯಾಯ್ತು.

ಸರ್ವಿಸ್‌ನಲ್ಲಿ ಇರುವವರು ನಿಮ್ಮ ಸೇನಾ ದಾಖಲೆಯಲ್ಲಿ ಹೆಂಡತಿ ಮಕ್ಕಳ ಹೆಸರು, ಜನ್ಮದಿನಾಂಕ ಸರಿಯಿದೆಯಾ ಅಂತ ಈಗಲೇ ನೋಡಿಕೊಳ್ಳಿ. ತಪ್ಪಿದ್ದರೆ ಯುನಿಟ್‌ನಲ್ಲಿದ್ದಾಗಲೇ ಪಾರ್ಟ್ 2 ಆರ್ಡರ್ (ದಾಖಲೆಯಲ್ಲಿನ ಬದಲಾವಣೆಗೆ ಯುನಿಟ್ ಹೊರಡಿಸೋ ಆದೇಶ) ಮಾಡಿಸಿ. ಸೇನೆಯಿಂದ ರಿಲೀಸ್‌ಗೆ ಒಂದು ವರ್ಷ ಇದ್ದಾಗಲೇ ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕಬಹುದು, ಕಾಯಬೇಡಿ. ಬೇರೆ ಕಡೆಯೂ ಅರ್ಜಿ ಹಾಕಿದ್ದರೆ, ಮೊದಲ ಕೆಲಸಕ್ಕೆ ಸೇರುವಾಗಲೇ ಅವುಗಳ ಪಟ್ಟಿ ಬರೆದು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಕೊಡದಿದ್ದರೆ ಮುಂದಿನ ಕೆಲಸಕ್ಕೆ ಮಾಜಿ ಸೈನಿಕರ ಮೀಸಲಾತಿ ಸಿಗುವುದಿಲ್ಲ.