ಮೊದಲು ಕೈ, ಆಮೇಲೆ ಬಟನ್

ಅಕ್ಕಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಪಂಪ್ ಆಪರೇಟರ್. ಮನೆಯಲ್ಲಿ ಕನ್ನಡ, ಲಾಗ್‌ಬುಕ್ ಮರಾಠಿಯಲ್ಲಿ. ದಸರಾ ಮುಗಿದು ಹಂಗಾಮು ಹತ್ತಿರ ಬಂತೆಂದರೆ, ತಿಂಗಳುಗಟ್ಟಲೆ ಸುಮ್ನೆ ನಿಂತ ಪಂಪುಗಳನ್ನು ಎಬ್ಬಿಸುವುದೇ ನನ್ನ ಕೆಲಸ.

ಮೊದಲು ಪ್ಯಾನೆಲ್‌ನಲ್ಲಿ ಕರೆಂಟ್ ಬಂದ್ ಮಾಡಿ ಬೀಗ ಹಾಕುತ್ತೇನೆ. ಕೀಲಿಕೈ ನನ್ನ ಕಿಸೆಯಲ್ಲೇ ಇರಬೇಕು. ಆಮೇಲೆ ಮೇಲಿನ ರಕ್ಷಣೆಯ ಮುಚ್ಚಳ, ಅಂದರೆ ಗಾರ್ಡ್ ಬಿಚ್ಚಿ, ಮೋಟಾರಿಗೂ ಪಂಪಿಗೂ ಜೋಡಣೆಯಾದ ಕಪ್ಲಿಂಗ್ ಹಿಡಿದು ಶಾಫ್ಟನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸುತ್ತೇನೆ. ಒಂದು ಜಾಗದಲ್ಲಿ ಬಿಗಿಯಾಗಿ ಮತ್ತೆ ಸಡಿಲವಾದರೆ ಮುಂದೆ ಹೋಗುವುದಿಲ್ಲ, ಫಿಟ್ಟರ್‌ನ ಕರೆಸುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಇದನ್ನು ಮಾಡಿರಲಿಲ್ಲ. ರಸದ ಪಂಪಿನೊಳಗೆ ಹಳೇ ರಸ ಒಣಗಿ ಅಂಟಿನ ಹಾಗೆ ಕಚ್ಚಿಕೊಂಡಿತ್ತು. ನೇರ ಬಟನ್ ಒತ್ತಿದೆ. ಮೋಟಾರ್ ಗುಂಯ್ ಎಂದಿತು, ಕಪ್ಲಿಂಗಿನ ರಬ್ಬರ್ ಬುಶ್‌ಗಳು ಚೂರಾಗಿ ಗಾರ್ಡಿಗೆ ಬಡಿದವು. ಗಾರ್ಡ್ ಇಲ್ಲದಿದ್ದರೆ ಅವು ನನ್ನ ಮುಖಕ್ಕೇ ಬರುತ್ತಿದ್ದವು.

ಗಾರ್ಡ್ ಮತ್ತೆ ಕೂರಿಸಿ, ಬೇರಿಂಗಿನ ಎಣ್ಣೆ ಗಾಜಿನ ಅರ್ಧಕ್ಕಿದೆಯಾ ನೋಡಿ ನೀರಿನ ಪಂಪಿಗೆ ಬರುತ್ತೇನೆ. ನೀರು ಒಳಗೆ ಬರುವ ಕಡೆಯ ಸಕ್ಷನ್ ವಾಲ್ವ್ ಪೂರ್ತಿ ತೆರೆದಿರಬೇಕು. ಮೇಲಿನ ಗಾಳಿ ಕಾಕ್ ತೆರೆದರೆ ಮೊದಲು ಬುಸ್ ಬುಸ್ ಎಂದು ನೊರೆ ಬರುತ್ತದೆ. ನೀರು ಒಂದೇ ಧಾರೆಯಾದ ಮೇಲೆ ಮುಚ್ಚುತ್ತೇನೆ. ನೀರು ಹೊರಗೆ ಹೋಗುವ ಕಡೆಯ ಡೆಲಿವರಿ ವಾಲ್ವನ್ನು ಬಹುತೇಕ ಮುಚ್ಚಿಟ್ಟು ಚಾಲೂ ಮಾಡುತ್ತೇನೆ. ನೀರು ಹರಿಯದಿದ್ದಾಗ ಈ ಪಂಪಿನ ಮೇಲೆ ಲೋಡ್ ಕಮ್ಮಿ, ಮೋಟಾರಿಗೆ ಏಳುವುದು ಸುಲಭ. ಗೇಜಿನ ಮುಳ್ಳು ಮೇಲೇರಿದ ಕೂಡಲೇ ವಾಲ್ವ್ ನಿಧಾನಕ್ಕೆ ತೆರೆಯುತ್ತಾ ಹೋಗಬೇಕು, ಕಣ್ಣು ಆಂಪಿಯರ್ ಮೀಟರ್ ಮೇಲೆ. ಮುಚ್ಚಿಟ್ಟೇ ಓಡಿಸಿದರೆ ಒಳಗಿನ ನೀರು ಕಾಯುತ್ತದೆ. ಜಲ್ಲಿಕಲ್ಲು ಅಲ್ಲಾಡಿಸಿದಂಥ ಸದ್ದು ಬಂದರೆ ಸಕ್ಷನ್‌ನಲ್ಲಿ ಏನೋ ತೊಂದರೆ, ಹೆಚ್ಚಾಗಿ ಜಾಳಿಗೆಯಲ್ಲಿ ಕಸ.

ಶಾಫ್ಟ್ ಪಂಪಿನಿಂದ ಹೊರಬರುವ ಜಾಗದಲ್ಲಿ ಪ್ಯಾಕಿಂಗ್ ಹಗ್ಗ ಒತ್ತಿ ಹಿಡಿಯುವ ಗ್ಲ್ಯಾಂಡ್‌ನಿಂದ ನಿಮಿಷಕ್ಕೆ 40–60 ಹನಿ ಬೀಳುತ್ತಿರಲಿ. ಸೋರುತ್ತಿದೆ ಅಂತ ಬಿಗಿದರೆ ಪ್ಯಾಕಿಂಗ್ ಸುಡುತ್ತದೆ.

ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ಪಾಕ, ಅದರ ಪಂಪು ಪೂರಾ ಉಲ್ಟಾ. ಅದು ಗೇರ್ ಪಂಪು, ಪ್ರತಿ ಸುತ್ತಿಗೂ ಇಷ್ಟು ಅಂತ ತಳ್ಳಿಯೇ ತೀರುತ್ತದೆ. ದಾರಿ ಮುಚ್ಚಿದ್ದರೆ ಒತ್ತಡ ಏರುತ್ತಲೇ ಹೋಗಿ ಪೈಪೋ ಪಂಪೋ ಒಡೆಯಬಹುದು. ಒತ್ತಡ ಹೆಚ್ಚಾದರೆ ತಾನೇ ತೆರೆಯುವ ರಿಲೀಫ್ ವಾಲ್ವ್ ಇದೆ ನಿಜ, ಅದನ್ನೇ ನಂಬಿ ನಿಲ್ಲಬಾರದು. ಕಳೆದ ಹಂಗಾಮಿನಲ್ಲಿ ನೀರಿನ ಪಂಪಿನಿಂದ ಬಂದ ಹುಡುಗ ಅಭ್ಯಾಸಬಲದಿಂದ, “ಕಾಕಾ, ಡೆಲಿವರಿ ಬಂದ್ ಮಾಡೀನ್ರಿ, ಚಾಲೂ ಮಾಡ್ಲೇನ್ರಿ?” ಅಂದ. ಕೇಳಿದ್ದೇ ದೊಡ್ಡದು. ಓಡಿ ಹೋಗಿ ಕೈ ಹಿಡಿದೆ. ಅವತ್ತೇ ಆ ವಾಲ್ವಿನ ಚಕ್ರಕ್ಕೆ ಕೆಂಪು ಬಣ್ಣ ಬಳಿದೆ: ಮೊದಲು ಇದನ್ನು ತೆರೆ.

ನಿಲ್ಲಿಸುವಾಗಲೂ ಹಾಗೇ. ನೀರಿನ ಪಂಪಿಗೆ ಮೊದಲು ಡೆಲಿವರಿ ನಿಧಾನಕ್ಕೆ ಮುಚ್ಚಿ ಆಮೇಲೆ ಬಟನ್, ಇಲ್ಲದಿದ್ದರೆ ಮೇಲಿನ ನೀರು ವಾಪಸ್ ಬಂದು ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಧಡ್ ಎಂದು ಬಡಿಯುತ್ತದೆ, ಪೈಪೇ ಜಿಗಿಯುತ್ತದೆ. ಕಾಕಂಬಿಗೆ ಮೊದಲು ಮೋಟಾರ್ ಬಂದ್, ಆಮೇಲೆ ವಾಲ್ವ್.

ಹಂಗಾಮು ಮುಗಿದ ಮೇಲೆ ರಸದ ಪಂಪನ್ನು ಬಿಸಿನೀರಿನಿಂದ ತೊಳೆದು, ಡ್ರೈನ್ ಬಿಚ್ಚಿ ಖಾಲಿ ಮಾಡುತ್ತೇನೆ. ಕಪ್ಲಿಂಗಿನ ಮೇಲೆ ಸೀಮೆಸುಣ್ಣದ ಗೆರೆ ಇದೆ. ವಾರಕ್ಕೊಮ್ಮೆ ಬೀಗ ಹಾಕಿ, ಒಂದೂಕಾಲು ಸುತ್ತು ತಿರುಗಿಸಿ, ಗೆರೆ ಬೇರೆ ಕಡೆ ನಿಲ್ಲುವ ಹಾಗೆ ಬಿಟ್ಟು ಬರುತ್ತೇನೆ.